ಸಿದ್ದರಕಟ್ಟೆಯವರು ಇಲ್ಲವೆಂದ ಗುಡಿ

ಸರ್ಕಾರದ ಪರವಾಗಿ ಶಾಸನಗಳ ಅಚ್ಚು ತೆಗೆಯುವ ಕೆಲಸದ ಮೇಲೆ ಗಂಗಾಧರಯ್ಯ ಸಿದ್ದರಕಟ್ಟೆಗೆ ಬಂದದ್ದು ೧೯೧೧ರ ಕಾರ್ತಿಕದಲ್ಲಿ. ಅದಕ್ಕೆ ಮೊದಲು ಹದಿನೈದು ದಿನ ಅಮೃತಾಪುರದ ದೇವಸ್ಥಾನದಲ್ಲಿದ್ದ. ಅಲ್ಲಿ ಸೌದೆ ಗಾಡಿಯವನೊಬ್ಬ, ತರೀಕೆರೆಯಾಚೆ ಬೆಟ್ಟದ ಬುಡದ ಕಾಡಿನಲ್ಲಿ ಇಂಥದೇ ಗುಡಿಯೊಂದು ಪಾಳುಬಿದ್ದಿದೆ, ಒಳಗೆ ಆಳೆತ್ತರದ ಬರಹದ ಕಲ್ಲಿದೆ ಎಂದಿದ್ದ. ಅಷ್ಟು ಸಾಕಾಗಿತ್ತು.

ಸಿದ್ದರಕಟ್ಟೆಯ ಪಟೇಲ ದೇವೀರಪ್ಪ ಜಗಲಿಯ ಮೇಲೆ ಕೂರಿಸಿ ಮಜ್ಜಿಗೆ ಕೊಟ್ಟ. ಗುಡಿಯ ಮಾತೆತ್ತಿದೊಡನೆ ಅವನ ಮುಖ ಬಿಗಿಯಿತು.

"ಈ ಕಾಡಾಗೆ ಯಾವ ಗುಡೀನೂ ಇಲ್ಲ ಕಣ್ರೀ. ಯಾರೋ ಸುಳ್ಳು ಹೇಳವ್ರೆ."

ಬೀದಿಯಲ್ಲಿ ಕೇಳಿದವರೆಲ್ಲರೂ ಅದನ್ನೇ, ಅದೇ ಮಾತುಗಳಲ್ಲಿ ಹೇಳಿದರು. ಗುಡಿಯಲ್ಲಿ ನಿಧಿ ಅಗೆಯುವುದನ್ನು ಇವರು ಮುಚ್ಚಿಡುತ್ತಿದ್ದಾರೆಂದು ಗಂಗಾಧರಯ್ಯನಿಗೆ ಅನುಮಾನ ಬಂತು. ಹಿಂದಿನ ವರ್ಷ ಕಡೂರಿನ ಕಡೆ ಒಂದು ಗುಡಿಯಲ್ಲಿ ಲಿಂಗವನ್ನೇ ಕಿತ್ತು, ಅದರಡಿ ಅಗೆದಿದ್ದನ್ನು ಅವನು ಕಣ್ಣಾರೆ ಕಂಡಿದ್ದ.

ಮರುದಿನ ಬೆಳಿಗ್ಗೆ ಅವನು ಕಾಡಿಗೆ ಹೊರಟಾಗ ದೇವೀರಪ್ಪ ತಾನೇ ಕತ್ತಿ ಹಿಡಿದು ಜೊತೆಗೆ ಬಂದ. "ಒಬ್ರೇ ಹೋಗ್ಬ್ಯಾಡಿ, ಹುಲಿ ಐತೆ" ಎಂದ. ಎರಡು ಗಂಟೆ ನಡೆದರು. ಅಡ್ಡ ಬಿದ್ದಿದ್ದ ಒಂದೇ ಮತ್ತಿಮರವನ್ನು ಎರಡು ಸಲ ದಾಟಿದ್ದು ಗಂಗಾಧರಯ್ಯನ ಗಮನಕ್ಕೆ ಬಂತು. ಆದರೆ ಮೂರನೆಯ ಸಲ ಆ ಮರ ಕಾಣುವ ಹೊತ್ತಿಗೆ, ಪಕ್ಕದ ಪೊದೆಗಳ ನಡುವೆ ಹುಲ್ಲು ತುಳಿದ ಸಣ್ಣ ಹಾದಿಯೊಂದು ಕಣ್ಣಿಗೆ ಬಿತ್ತು.

"ಇದು ಎಲ್ಲಿಗೆ ಹೋಗುತ್ತೆ?"

"ಜಿಂಕೆ ಹಾದಿ ಅದು."

ಗಂಗಾಧರಯ್ಯ ಬಾಗಿ ಒಂದು ಎಲೆ ಕಿತ್ತು ತೋರಿಸಿದ. ಅದರ ಮೇಲೆ ಚೆಲ್ಲಿದ ಅಂಬಲಿಯ ಹನಿ ಒಣಗಿತ್ತು. "ಜಿಂಕೆ ರಾಗಿ ಅಂಬಲಿ ಕುಡಿಯುತ್ತಾ, ಪಟೇಲರೆ?"

ದೇವೀರಪ್ಪನ ಕೈ ಕತ್ತಿಯ ಹಿಡಿಯ ಮೇಲೆ ಬಿಗಿಯಾಯಿತು. ಗಂಗಾಧರಯ್ಯ ಅದನ್ನು ಕಂಡ. ಆದರೂ ತಿರುಗಿ ನೋಡದೆ ಹಾದಿ ಹಿಡಿದ.

ಗುಡಿ ಒಮ್ಮೆಗೇ ಎದುರಾಯಿತು. ಗೋಣಿಮರದ ಬೇರುಗಳು ಶಿಖರವನ್ನು ಅಪ್ಪಿ ಸೀಳಿದ್ದವು. ಆನೆಗಳ ಸಾಲು ಕೆತ್ತಿದ ಕಲ್ಲುಗಳು ಪೊದೆಯಲ್ಲಿ ತಲೆಕೆಳಗಾಗಿ ಬಿದ್ದಿದ್ದವು. ಒಳಗಿನ ಕಂಬಗಳು ಮಾತ್ರ ನೀರು ಸುರಿದಂತೆ ಹೊಳೆಯುತ್ತಿದ್ದವು. ಆ ಕತ್ತಲಿನಿಂದ ಯಾರೋ ನರಳಿದ ಸದ್ದು ಬಂತು.

ಕುಡುಗೋಲು ಹಿಡಿದ ಹೆಂಗಸೊಬ್ಬಳು ಬಾಗಿಲಿಗೆ ಬಂದಳು. ಪಟೇಲನ ತಂಗಿ ಗುರುಶಾಂತಮ್ಮ.

"ಅಣ್ಣಾ, ಪ್ಲೇಗಿನೋರನ್ನ ಕರ್ಕೊಂಡು ಬಂದ್ಬಿಟ್ಟೆಯಾ?"

ಗಂಗಾಧರಯ್ಯನಿಗೆ ಆಗ ಅರ್ಥವಾಯಿತು. ಆ ವರ್ಷ ತರೀಕೆರೆಯ ಸುತ್ತ ಪ್ಲೇಗ್ ಹಬ್ಬಿತ್ತು. ಜ್ವರ ಬಂದವರನ್ನು ಊರಾಚೆಯ ಪ್ಲೇಗ್ ಕ್ಯಾಂಪಿನ ಗುಡಿಸಲುಗಳಿಗೆ ಒಯ್ಯುತ್ತಿದ್ದರು. ಹೋದವರಲ್ಲಿ ತಿರುಗಿ ಬಂದವರು ಕಡಿಮೆ. ಗುರುಶಾಂತಮ್ಮನ ಮಗಳು ಕಲ್ಲಮ್ಮನಿಗೆ ಜ್ವರ ಹತ್ತಿದಾಗ ಊರೆಲ್ಲ ಸೇರಿ ಅವಳನ್ನು ಇಲ್ಲಿ ಬಚ್ಚಿಟ್ಟಿತ್ತು. ಕೋಟು ತೊಟ್ಟು ಬಂದ ತನ್ನನ್ನು ಅವರು ರೋಗಿಗಳನ್ನು ಹುಡುಕಿಕೊಂಡು ಬಂದ ಪ್ಲೇಗ್ ಅಧಿಕಾರಿ ಎಂದುಕೊಂಡಿದ್ದರು.

ಅವನಿಗೆ ಓಡಿಹೋಗಬೇಕೆನಿಸಿತು. ಅವನ ತಮ್ಮ ಮೈಸೂರಿನಲ್ಲಿ ಪ್ಲೇಗಿನಿಂದಲೇ ತೀರಿಕೊಂಡಿದ್ದ. ಹೊಸ್ತಿಲು ದಾಟಲು ಕಾಲು ಬರಲಿಲ್ಲ. ಹೊರಗಿನಿಂದಲೇ ಕೇಳಿದ: "ಕಂಕುಳಲ್ಲಿ, ತೊಡೆಸಂದಿಯಲ್ಲಿ ಗಂಟು ಎದ್ದಿದೆಯಾ, ತಾಯಿ?"

"ಇಲ್ಲ."

"ಜ್ವರ ಬಿಡದೆ ಕಾಯುತ್ತಾ?"

"ದಿನ ಬಿಟ್ಟು ದಿನ ಬತ್ತೈತೆ. ಮಧ್ಯಾಹ್ನಕ್ಕೆ ನಡುಕ ಹಿಡೀತೈತೆ, ನಾಕು ಕಂಬಳಿ ಹೊದಿಸಿದ್ರೂ ನಿಲ್ಲಾಕಿಲ್ಲ. ಆಮ್ಯಾಕೆ ಬೆವ್ತು ಇಳೀತೈತೆ. ಇವತ್ತಿಗೆ ಹದಿನಾರು ದಿನ."

ಗಂಗಾಧರಯ್ಯ ಉಸಿರುಬಿಟ್ಟ. "ಇದು ಪ್ಲೇಗಲ್ಲಮ್ಮ, ಮಲೇರಿಯಾ ಚಳಿಜ್ವರ. ನನಗೇ ಎರಡು ಸಲ ಬಂದಿದೆ." ಚೀಲದಿಂದ ಕ್ವಿನೈನ್ ಗುಳಿಗೆಗಳ ಸೀಸೆ ತೆಗೆದು ಚಾಚಿದ. ಗುರುಶಾಂತಮ್ಮ ಕೈ ಚಾಚಲಿಲ್ಲ.

"ಕ್ಯಾಂಪಿನಾಗೆ ವಿಷ ಕೊಟ್ಟು ಮುಗಿಸ್ತಾರಂತೆ. ಮೊದ್ಲು ನೀವು ನುಂಗಿ."

ಅವನು ನುಂಗಿದ. ಗಂಟಲೆಲ್ಲ ಕಹಿಯಾಯಿತು. ಅವಳು ಅವನ ಮುಖವನ್ನೇ ನೋಡುತ್ತ ಕುಳಿತಳು, ಕುಡುಗೋಲು ಮಡಿಲಲ್ಲಿ. ದೇವೀರಪ್ಪ ಬಾಗಿಲಿಗೆ ಅಡ್ಡ ನಿಂತಿದ್ದ. ಬಿಸಿಲು ಒಂದು ಕಂಬದಿಂದ ಇನ್ನೊಂದಕ್ಕೆ ಸರಿದ ಮೇಲೆ ಅವಳು ಎದ್ದು ಸೀಸೆ ತೆಗೆದುಕೊಂಡಳು.

ಬರಹದ ಕಲ್ಲು ಕಲ್ಲಮ್ಮನ ಚಾಪೆಯ ಪಕ್ಕದಲ್ಲೇ ಇತ್ತು. ಆರು ದಿನ ಅವನು ಅಲ್ಲೇ ಒದ್ದೆ ಕಾಗದ ಹಚ್ಚಿ, ಕುಂಚದಿಂದ ತಟ್ಟಿ, ಮಸಿ ಒತ್ತಿದ. ಆರು ದಿನವೂ ಪಟೇಲನ ಕಡೆಯವನೊಬ್ಬ ಹಿಂದೆ ಕುಳಿತು ಕಾಯುತ್ತಿದ್ದ. ನಾಲ್ಕನೆಯ ದಿನ ಮಧ್ಯಾಹ್ನ ಎಲ್ಲರೂ ಕಂಬಳಿ ಹಿಡಿದು ಸಿದ್ಧರಾದರು. ನಡುಕ ಬರಲಿಲ್ಲ. ಸಂಜೆಗೆ ಕಲ್ಲಮ್ಮ ಮೊದಲ ಸಲ ಅನ್ನ ಕೇಳಿದಳು. ಗುರುಶಾಂತಮ್ಮ ಕಂಬ ಹಿಡಿದು ಅತ್ತಳು.

"ಅದ್ರಾಗೆ ಏನು ಬರ್ದೈತೆ?" ಎಂದು ಕಲ್ಲಮ್ಮ ಮರುದಿನ ಕೇಳಿದಳು.

"ಯಾರೋ ಒಬ್ಬ ಗೌಡ ಇಲ್ಲಿ ದೀಪ ಉರಿಸೋಕೆ ಕೆರೆ ಕೆಳಗಿನ ಗದ್ದೆ ಬಿಟ್ಟಿದ್ದಾನೆ."

ಹಿಂದೆ ಕುಳಿತವನು ನಂಬಲಿಲ್ಲ. ಊರಿಗೆ ಹೋಗಿ, ಕಲ್ಲಿನಲ್ಲಿ ನಿಧಿಯ ಗುರುತಿದೆ ಎಂದು ಹೇಳಿರಬೇಕು.

ಹೊರಡುವ ದಿನ ದೇವೀರಪ್ಪ ತಾನೇ ಗಂಟು ಹೊತ್ತು ಗಾಡಿಯವರೆಗೆ ಬಂದ. ಗಂಟನ್ನು ಗಾಡಿಯ ಪಕ್ಕ ಇಳಿಸಿದ.

"ಕ್ವಾಪ ಮಾಡ್ಕಬ್ಯಾಡಿ, ಸ್ವಾಮಿ. ಹಾಸಿಗೆ ಸುರುಳಿ ಒಂದ್ಸಲ ಬಿಚ್ತೀರಾ?"

ಗಂಗಾಧರಯ್ಯನಿಗೆ ಕೆನ್ನೆಗೆ ಹೊಡೆದಂತಾಯಿತು. ಆದರೂ ಬಿಚ್ಚಿದ. ಕಂಬಳಿ, ಎರಡು ಪಂಚೆ, ಮಸಿ ಹತ್ತಿದ ಕಾಗದಗಳು. ಪಟೇಲ ಕಂಬಳಿಯನ್ನೂ ಕೊಡವಿ ನೋಡಿದ.

"ನಿಧಿ ತಗಂಡು ಹೋದ್ರು ಅಂತ ಊರೋರು ಅಂತಾರೆ. ನಾನೇ ಬಿಚ್ಚಿ ನೋಡ್ದೆ, ಏನೂ ಇರ್ಲಿಲ್ಲ ಅನ್ನಬೇಕಲ್ಲ."

ಆಮೇಲೆ ಅವನೇ ಎಲ್ಲವನ್ನೂ ಮಡಿಸಿ, ಕಾಗದ ಸುಕ್ಕಾಗದಂತೆ ಸುತ್ತಿ ಕಟ್ಟಿದ. "ಗುಡಿ ಐತೆ ಅಂತ ಬರ್ಕಳಿ, ಹೋಗ್ಲಿ. ದಾರಿ ಮಾತ್ರ ಬರೀಬ್ಯಾಡಿ."

ಗಂಗಾಧರಯ್ಯ ಮಾತು ಕೊಡಲಿಲ್ಲ. ತರೀಕೆರೆಯ ಮುಸಾಫಿರಖಾನೆಯಲ್ಲಿ ಕುಳಿತು ವರದಿ ಬರೆಯುವಾಗ ದಾರಿಯ ಕಾಲಂ ಮುಂದೆ ಬಹಳ ಹೊತ್ತು ಲೇಖನಿ ಹಿಡಿದಿದ್ದ. ಕೊನೆಗೆ ಬರೆದ: "ಊರಿನ ಪಟೇಲರನ್ನು ಕೇಳಿಕೊಂಡು ಹೋಗತಕ್ಕದ್ದು."