ಟ್ರಿಯಾನಾ ಕೇರಿಯ ಹಟಮಾರಿ ಮೇಜು

ನಾನು ಒಂದು ಮೇಜು. ಇಷ್ಟೇನಾ ಎಂದು ಮೂಗು ಮುರಿಯಬೇಡಿ. ಸ್ಪೇನ್ ದೇಶದ ಸೆವಿಲ್ ನಗರದಲ್ಲಿ, ನದಿಯಾಚೆಯ ಟ್ರಿಯಾನಾ ಕೇರಿಯಲ್ಲಿ, ಅಕ್ರೋಟ್ ಮರದ ಹಲಗೆಯಿಂದ ಹುಟ್ಟಿದೆ. ಬಡಗಿ ಸಿಪ್ರಿಯಾನೊ ನನಗೆ ಕೆತ್ತನೆ ಮಾಡಲಿಲ್ಲ, ಹಲಗೆಯನ್ನು ತೆಳ್ಳಗೆ ಹೆರೆದ, ಅಷ್ಟೆ. ಬಡಿದರೆ ಸದ್ದು ಬರಬೇಕಲ್ಲ! ಬೆರಳ ಗೆಣ್ಣುಗಳಿಂದ ಮೇಜು ಕುಟ್ಟುತ್ತ ಹಾಡುವುದು ಆ ಕೇರಿಯ ರೂಢಿ. ಎನ್ಕಾರ್ನಾ ಎಂಬ ಹೆಂಗಸು ನನ್ನನ್ನು ತನ್ನ ಪುಟ್ಟ ವೈನ್ ಅಂಗಡಿಗೆ ಒಯ್ದಳು.

ಆ ಊರಿನ ರಾತ್ರಿಯನ್ನು ನೀವು ನೋಡಬೇಕು! ಮಧ್ಯಾಹ್ನದ ಬಿಸಿಲಿಗೆ ಕಿಟಕಿ ಮುಚ್ಚಿ ಮಲಗಿದ್ದವರು ದೀಪ ಹತ್ತಿದ ಮೇಲೆ ಮಿಂದು, ಇಸ್ತ್ರಿ ಬಟ್ಟೆ ತೊಟ್ಟು ಬೀದಿಗಿಳಿಯುತ್ತಾರೆ. ಅಜ್ಜಿಯರೂ ಬರುತ್ತಾರೆ, ಎಳೆಗೂಸುಗಳೂ ಬರುತ್ತವೆ. ಒಂದು ಅಂಗಡಿಯಲ್ಲಿ ಉಪ್ಪು ಹಾಕಿದ ಆಲಿವ್ ಕಾಯಿ, ಇನ್ನೊಂದರಲ್ಲಿ ಕರಿದ ಮೀನು, ಮತ್ತೊಂದರಲ್ಲಿ ಒಂದು ಲೋಟ ವೈನ್. ಒಂದೇ ಕಡೆ ಕೂತು ಹೊಟ್ಟೆ ತುಂಬಿಸಿಕೊಳ್ಳುವುದು ಅವರ ಜಾಯಮಾನವಲ್ಲ. ಸುತ್ತಿ ಸುತ್ತಿ ಕೊನೆಗೆ ನನ್ನ ಬಳಿಗೇ ಬರುತ್ತಿದ್ದರು, ಯಾಕೆಂದರೆ ಅಲ್ಲಿ ರೆಮೆದಿಯೋಸ್ ಹಾಡುತ್ತಿದ್ದಳು.

ರೆಮೆದಿಯೋಸ್ ಮಾರುಕಟ್ಟೆಯಲ್ಲಿ ಮೀನು ಹೆಚ್ಚುವವಳು. ಒಡಕು ಗಂಟಲು. ಅವಳನ್ನು ಯಾರೂ ವೇದಿಕೆ ಹತ್ತಿಸಲಿಲ್ಲ. ಆದರೆ ನನ್ನ ಮೇಲೆ ಗೆಣ್ಣಿಟ್ಟು ಬಾಯಿ ತೆರೆದಳೋ, ಲೋಟ ಎತ್ತಿದವರು ಕುಡಿಯುವುದನ್ನೇ ಮರೆಯುತ್ತಿದ್ದರು. ಜಗತ್ತಿನಲ್ಲಿ ಅವಳು ಗಾಯಕಿಯಾಗಿದ್ದ ಜಾಗ ಅದೊಂದೇ. ನನಗೆ ಅವಳೆಂದರೆ ಪ್ರಾಣ.

ಎನ್ಕಾರ್ನಾ ತೀರಿಕೊಂಡಳು. ಅಂಗಡಿ ಅವಳ ಅಣ್ಣನ ಮಗ ಫೆರ್ಮಿನ್‌ನ ಕೈಗೆ ಬಂತು. ಅವನು ಮಹಡಿಯ ಕೋಣೆಗಳನ್ನು ಪ್ರವಾಸಿಗರಿಗೆ ಬಾಡಿಗೆಗೆ ಕೊಟ್ಟ. ಈ ಊರಿನ ರಾತ್ರಿ ನೋಡಲೆಂದೇ ಬಂದವರು ಅವರು. ಬಂದು ನಿದ್ದೆ ಬರಲಿಲ್ಲ ಎಂದು ದೂರಿದರು! ಮದುವೆಗೆ ಬಂದು ವಾಲಗದ ಸದ್ದು ಜಾಸ್ತಿಯಾಯಿತು ಎಂದ ಹಾಗೆ. ಫೆರ್ಮಿನ್ ಗೋಡೆಗೆ ಬೋರ್ಡು ಹೊಡೆದ: ‘ಇಲ್ಲಿ ಹಾಡಬಾರದು.’

ರೆಮೆದಿಯೋಸ್ ಅದನ್ನು ನಿಧಾನವಾಗಿ ಓದಿದಳು. “ಹಾಡಬಾರದು ಅಂತಿದೆ. ಕುಟ್ಟಬಾರದು ಅಂತ ಎಲ್ಲಿದೆ, ತೋರಿಸಪ್ಪಾ?” ಎಂದವಳೇ ಕುಟ್ಟಿದಳು. ನಾನೇನು ಸುಮ್ಮನಿರುತ್ತೇನೆಯೇ? ಹಲಗೆಯಲ್ಲಿದ್ದ ಸದ್ದನ್ನೆಲ್ಲ ಕೊಟ್ಟೆ. ಇಡೀ ಅಂಗಡಿ ಚಪ್ಪಾಳೆಯಿಂದ ತಾಳ ಹಿಡಿಯಿತು.

ಮರುದಿನ ಫೆರ್ಮಿನ್ ಸದ್ದು ಬಾರದ ಕಲ್ಲಿನ ಮೇಜುಗಳನ್ನು ತಂದ. ನನ್ನನ್ನು ಕಸದ ಲಾರಿಗೆಂದು ಬೀದಿಗೆ ಎಳೆದು ಹಾಕಿದ. ಎಳೆಯುವಾಗ ನನ್ನ ಒಂದು ಕಾಲು ಸೀಳಿತು. ಮುಗಿಯಿತು ನನ್ನ ಕಥೆ ಎಂದುಕೊಂಡೆ.

ಕತ್ತಲಾದ ಮೇಲೆ ರೆಮೆದಿಯೋಸ್ ಬಂದಳು. ನನ್ನನ್ನು ನೋಡಿ ಅಲ್ಲೇ ನಿಂತಳು. ಒಳಗೆ ಹೋಗಲಿಲ್ಲ. ಮೀನಿನ ಖಾಲಿ ಪೆಟ್ಟಿಗೆಯೊಂದನ್ನು ಬೋರಲು ಹಾಕಿ, ನನ್ನೆದುರು ಕೂತು, ಬೀದಿಯಲ್ಲೇ ಹಾಡಲು ತೊಡಗಿದಳು. ಜನ ಮುತ್ತಿಕೊಂಡರು. ಅಷ್ಟರಲ್ಲಿ ಲಾರಿಯೂ ಬಂತು.

“ಏಳಮ್ಮಾ, ಲಾರಿ ಕಾಯ್ತಿದೆ,” ಫೆರ್ಮಿನ್ ಕೂಗಿದ.

“ಹಾಡು ಮುಗೀಲಿ,” ಎಂದಳು ಅವಳು.

ಚಾಲಕ ಎಂಜಿನ್ ನಿಲ್ಲಿಸಿದ. “ಹಾಡು ಮುಗಿದ ಮೇಲೇ ತಗೊಂಡು ಹೋಗ್ತೀನಿ ಬಿಡಿ. ಅರ್ಧಕ್ಕೆ ಎಬ್ಬಿಸಿದೆ ಅಂತ ಗೊತ್ತಾದ್ರೆ ನಮ್ಮಮ್ಮ ನನ್ನನ್ನ ಮನೆಗೇ ಸೇರಿಸಲ್ಲ!”

ಸರಿ, ರೆಮೆದಿಯೋಸ್ ಹಾಡನ್ನು ಮುಗಿಸಲೇ ಇಲ್ಲ. ಅವಳ ಗಂಟಲು ಸೋತಾಗ ಪಕ್ಕದವಳು ಮುಂದಿನ ಚರಣ ಎತ್ತಿಕೊಂಡಳು, ಆಮೇಲೆ ಅವಳ ಗಂಡ, ಆಮೇಲೆ ಮೂಲೆಮನೆಯ ಕ್ಷೌರಿಕ. ಫೆರ್ಮಿನ್ ಕೈಮುಗಿದ, ಬೈದ, ಪೊಲೀಸರನ್ನು ಕರೆಯುತ್ತೇನೆಂದ. ಜಪ್ಪಯ್ಯ ಎಂದರೂ ಯಾರೂ ಜಗ್ಗಲಿಲ್ಲ. ಬೆಳಕು ಹರಿದಾಗ ಚಾಲಕ ನಗುತ್ತ ಖಾಲಿ ಲಾರಿ ಹೊಡೆದುಕೊಂಡು ಹೋದ. ಜನ ನನ್ನನ್ನು ಹೊತ್ತು ರೆಮೆದಿಯೋಸಳ ವಠಾರದ ಅಂಗಳಕ್ಕೆ ತಂದರು.

ಈಗ ನನಗೆ ಮುಪ್ಪು. ಸೀಳಿದ ಕಾಲಿಗೆ ತಂತಿ ಸುತ್ತಿದ್ದಾರೆ, ಹಗಲೆಲ್ಲ ನನ್ನ ಮೇಲೆ ಹೂಕುಂಡಗಳಿರುತ್ತವೆ. ರೆಮೆದಿಯೋಸಳ ಬೆರಳುಗಳು ಊದಿಕೊಂಡಿವೆ. ಆದರೂ ದೀಪ ಹತ್ತಿದೊಡನೆ ಅವಳು ಕುಂಡಗಳನ್ನು ಪಕ್ಕಕ್ಕೆ ಸರಿಸುತ್ತಾಳೆ. ವಠಾರದವರು ಕುರ್ಚಿ ಎಳೆದುಕೊಂಡು ಬರುತ್ತಾರೆ. ಅವಳು ಕೇಳುವುದು ಒಂದೇ ಮಾತು.

“ನಿನ್ನೆ ಎಲ್ಲಿಗೆ ನಿಲ್ಲಿಸಿದ್ವಿ?”

‘ಹಾಡು ಮುಗೀಲಿ’ ಎಂದು ಆ ಚಾಲಕನೆದುರು ಆಡಿದ ಮಾತಿಗೆ ನಾವು ತಪ್ಪಿಲ್ಲ. ಹಾಡು ಮುಗಿದ ದಿನ ಬಂದು ನನ್ನನ್ನು ಒಯ್ಯಲಿ.