ದೊಡ್ಡಳಿಯನ ನೂರಾ ಒಂಬತ್ತು

ದೊಡ್ಡಳಿಯನಿಗೆ ಹೊಟ್ಟೆಕಿಚ್ಚು ಶುರುವಾದದ್ದು ಮೋಡೆಮ್ ಬಂದ ದಿನವಲ್ಲ. ಅದಕ್ಕೂ ಒಂಬತ್ತು ವರ್ಷ ಹಿಂದೆ, ಚಿಕ್ಕಳಿಯ ಬಂದ ದಿನ. ಅಲ್ಲಿಯತನಕ ಆ ಮನೆಗೆ ಇವನೊಬ್ಬನೇ ಅಳಿಯ. ಹೆಂಡತಿಯ ತಂಗಿಗೆ ಮದುವೆಯಾದದ್ದೇ ತಡ, ಇವನು ದೊಡ್ಡಳಿಯನಾದ. ಹೆಸರಿಗೇನೋ ಬಡ್ತಿ, ಆದರೆ ಮಾವನ ಮನೆಯ ಕಿಟಕಿ ಪಕ್ಕದ ಕುರ್ಚಿ ಕೈತಪ್ಪಿತು, ಅತ್ತೆ ಮೊದಲು ಬಡಿಸುವ ತಟ್ಟೆಯೂ ಕೈತಪ್ಪಿತು. ಹೋಗಲಿ, ಈ ಷಡ್ಡಕ ಮಹಾಶಯ ಕೆಲಸಕ್ಕೆ ಸೇರಿದ್ದಾದರೂ ಎಲ್ಲಿ? ಇವನಿದ್ದ ಅದೇ ನೀರು ಸರಬರಾಜು ಕಚೇರಿಯಲ್ಲಿ, ಅದೇ ಪಂಪ್‌ಹೌಸಿನಲ್ಲಿ, ಅದೇ ಮಾವನ ಶಿಫಾರಸಿನ ಮೇಲೆ. ಅಷ್ಟು ದೊಡ್ಡ ಊರಲ್ಲಿ ಬೇರೆ ಕೆಲಸವೇ ಇರಲಿಲ್ಲ ನೋಡಿ!

ಮಾವ ಒಂದು ಕಾಲಕ್ಕೆ ಆ ಪಂಪ್‌ಹೌಸಿನ ಉಸ್ತುವಾರಿ. ಅವರು ಕೂತು ಎದ್ದುಹೋದ ಮರದ ಮೇಜು ಇನ್ನೂ ಅಲ್ಲೇ ಇತ್ತು, ಅಂಚಿನಲ್ಲಿ ಟೀ ಲೋಟದ ಉಂಗುರಗಳ ಸಮೇತ. ಈಗ ಆ ಮೇಜಿನಲ್ಲಿದ್ದವರು ತಿಂಗಳ ಕೊನೆಗೆ ನಿವೃತ್ತರಾಗುವವರಿದ್ದರು. ಇಪ್ಪತ್ತೆರಡು ವರ್ಷ ಪಂಪು ನೋಡಿಕೊಂಡ ದೊಡ್ಡಳಿಯ, ಆ ಮೇಜು ತನ್ನದೇ ಎಂದು ಮನಸ್ಸಿನಲ್ಲೇ ಅದರ ಖಾನೆಗಳನ್ನು ಜೋಡಿಸಿಯೂ ಆಗಿತ್ತು. ಒಂದು ಖಾನೆಯಲ್ಲಿ ಕನ್ನಡಕ, ಒಂದರಲ್ಲಿ ಬೀಗದ ಕೈಗಳು. ಆದರೆ ಇಂಜಿನಿಯರ್ ಮೇಡಂ ಮಾತ್ರ ಪಿಟಕ್ಕೆನ್ನಲಿಲ್ಲ.

ಸೋಮವಾರ ಇಬ್ಬರು ಅಳಿಯಂದಿರನ್ನೂ ಕರೆದು, ಎರಡು ಡಬ್ಬಿಗಳನ್ನು ಮೇಜಿನ ಮೇಲಿಟ್ಟು, ಅವರು ದೊಡ್ಡಳಿಯನಿಗೆ ಹೇಳಿದರು: "ಎರಡು ಟ್ಯಾಂಕಿಗೆ ಎರಡು ಮೋಡೆಮ್. ಬೆಟ್ಟದ ಟ್ಯಾಂಕ್ ನಿಮ್ದು. ಮಾರ್ಕೆಟ್ ಟ್ಯಾಂಕ್ ಇವ್ರದು. ನೀರಿನ ಮಟ್ಟದ ಸುದ್ದಿ ತಾನಾಗೇ ಇಲ್ಲಿಗೆ ಬರ್ಬೇಕು, ಅದನ್ನ ನೋಡ್ಕೊಂಡು ಪಂಪ್ ತಾನಾಗೇ ಓಡ್ಬೇಕು, ನಿಲ್ಬೇಕು. ಒಂದು ಗಂಟೆ ಸುದ್ದಿ ಬರ್ಲಿಲ್ಲ ಅಂದ್ರೂ ಪಂಪ್ ನಿಂತ್ಹೋಗುತ್ತೆ, ನೆನಪಿರ್ಲಿ. ಮುಂದಿನ ಸೋಮವಾರ ನೋಡ್ತೀನಿ. ಉಸ್ತುವಾರಿ ಯಾರಿಗೆ ಅಂತ ಅವತ್ತೇ ಹೇಳ್ತೀನಿ."

ಮೋಡೆಮ್ ಬಗ್ಗೆ ಒಂದು ದಿನದ ತರಬೇತಿ ಅದಾಗಲೇ ಆಗಿತ್ತು. ಕಲಿಸಲು ಬಂದವನು ಆ ಯಂತ್ರವನ್ನು ಮೇಜಿನ ಮೇಲಿಂದ ದೊಪ್ಪನೆ ಬೀಳಿಸಿ, ಎತ್ತಿ ತೋರಿಸಿ, "ನೋಡಿ, ಏನೂ ಆಗ್ಲಿಲ್ಲ. ಧೂಳು, ಬಿಸಿಲು, ಅದುರಾಟ ಯಾವುದಕ್ಕೂ ಜಗ್ಗಲ್ಲ ಇದು" ಎಂದಿದ್ದ. ಅಲ್ಲಿಯವರೆಗೆ ದೊಡ್ಡಳಿಯನಿಗೂ ಅದು ಹಿಡಿಸಿತ್ತು. ಆಮೇಲೆ ಆ ಮನುಷ್ಯ ಒಂದು ಪ್ರಶ್ನೆ ಕೇಳಿದ, ಚಿಕ್ಕಳಿಯ ಥಟ್ಟನೆ ಉತ್ತರ ಕೊಟ್ಟ, ಮೇಡಂ "ಶಭಾಷ್" ಎಂದರು. ಸರಿ, ಮುಗಿಯಿತಲ್ಲ! ದೊಡ್ಡಳಿಯನಿಗೆ ಕೂತಲ್ಲೇ ಮೈಯೆಲ್ಲ ಉರಿಯಿತು. ಟೀ ಕುಡಿದು ಬರುತ್ತೇನೆಂದು ಹೊರಗೆ ಹೋದವನು ಸಂಜೆಯವರೆಗೆ ಟೀ ಕುಡಿಯುತ್ತಲೇ ಇದ್ದ.

ಹಾಗಂತ ಅವನಿಗೆ ಕೈಕೆಲಸ ಬರುವುದಿಲ್ಲ ಎಂದುಕೊಳ್ಳಬೇಡಿ. ವೈರಿನ ಕೆಲಸದಲ್ಲಿ ಎತ್ತಿದ ಕೈ. ಮಂಗಳವಾರ ಬೆಳಿಗ್ಗೆ ಇನ್ನೂರ ಹದಿನಾಲ್ಕು ಮೆಟ್ಟಿಲು ಹತ್ತಿ, ಬೆಟ್ಟದ ಟ್ಯಾಂಕಿನ ಪಕ್ಕದ ಕೋಣೆಯ ಬೀಗ ತೆಗೆದು, ಕಬ್ಬಿಣದ ಪೆಟ್ಟಿಗೆಯೊಳಗಿನ ಲೋಹದ ಪಟ್ಟಿಗೆ ಮೋಡೆಮನ್ನು ಸಿಕ್ಕಿಸಿದ. ಸಿಮ್ಮಿನ ಕಿಂಡಿಗೆ ಎರಡು ಪುಟ್ಟ ಸ್ಕ್ರೂಗಳ ಮುಚ್ಚಳ. ಬಿಚ್ಚಿ, ಸಿಮ್ ಹಾಕಿ, ಮತ್ತೆ ಬಿಗಿದ. ನೀರಿನ ಮಟ್ಟ ಅಳೆಯುವ ಸೆನ್ಸರಿನ ತಂತಿ ತಂದು ಸೇರಿಸಿದ. ಕರೆಂಟು ಕೊಟ್ಟೊಡನೆ ಹಸಿರು ದೀಪ ಕಣ್ಣು ಮಿಟುಕಿಸಿತು. ಉಳಿದದ್ದು ಆಂಟೆನಾ. ಬುಡದಲ್ಲಿ ಆಯಸ್ಕಾಂತ, ಉದ್ದನೆ ತಂತಿ, ಕಬ್ಬಿಣ ಎಲ್ಲಿದ್ದರೂ ಅಂಟಿಕೊಳ್ಳುತ್ತದೆ. ಆಫೀಸಿನ ಲ್ಯಾಪ್‌ಟಾಪಿಗೆ ಮೋಡೆಮ್ ಜೋಡಿಸಿ ನೋಡಿದರೆ, ಸಿಗ್ನಲ್ ಎಂಬ ಪದದ ಮುಂದೆ ಒಂದು ಅಡ್ಡಗೆರೆ, ಅದರ ಮುಂದೊಂದು ಅಂಕಿ. ಆಂಟೆನಾ ಸರಿಸಿದಂತೆ ಅಂಕಿಯೂ ಬದಲಾಗುತ್ತಿತ್ತು.

ಚಿಕ್ಕಳಿಯನಿಗೆ ಫೋನ್ ಮಾಡಿ ಎಷ್ಟಿದ್ದರೆ ಒಳ್ಳೆಯದು ಎಂದು ಕೇಳಿದ್ದರೆ ಅರ್ಧ ನಿಮಿಷದ ಮಾತು. ಆದರೆ ಅವನನ್ನು ಕೇಳುವುದೇ? ಅದರ ಬದಲು ಮೀಸೆ ಬೋಳಿಸಿಕೊಳ್ಳುವುದು ಮೇಲು. ಮೇಲಾಗಿ ಇದರಲ್ಲಿ ಕೇಳುವುದೇನಿದೆ? ಪಂಪ್‌ಹೌಸಿನ ಗೋಡೆಯಲ್ಲಿ ಹನ್ನೊಂದು ಮೀಟರುಗಳಿವೆ. ಒತ್ತಡ, ಮಟ್ಟ, ಹರಿವು. ಮುಳ್ಳು ಮೇಲೆ ಹೋದರೆ ಎಲ್ಲ ಸರಿ, ಕೆಳಗಿಳಿದರೆ ಓಡು. ಇಪ್ಪತ್ತೆರಡು ವರ್ಷ ಅವನ ಕಣ್ಣು ಕಲಿತದ್ದು ಅದನ್ನೇ.

ಹೊರಗೆ ಸೂರಿನ ಮೇಲಿನ ಗಾಳಿಕೊಳವೆಗೆ ಅಂಟಿಸಿದರೆ ಎಪ್ಪತ್ತು ಚಿಲ್ಲರೆ. ಛೆ. ಬಾಗಿಲ ಬಳಿ ಎಂಬತ್ತೆಂಟು. ಕೋಣೆಯ ಮೂಲೆಯಲ್ಲಿ, ಕಬ್ಬಿಣದ ಪೆಟ್ಟಿಗೆಯ ಹಿಂದೆ, ನೆಲಕ್ಕೆ ಹತ್ತಿರ ಇಟ್ಟಾಗ ಬಂತು ನೋಡಿ, ನೂರಾ ಒಂಬತ್ತು! ದೊಡ್ಡಳಿಯ ತೊಡೆ ತಟ್ಟಿಕೊಂಡ. ಪುಸ್ತಕ ಓದಿದವರಿಗೆ ಈ ಮೂಲೆ ಸಿಗುತ್ತಿತ್ತೇ? ಅಲ್ಲೇ ಆಂಟೆನಾ ಕೂರಿಸಿದ. ಹೆಣಗಾಡಿ ಹೆಣಗಾಡಿ ಮೊದಲ ಸುದ್ದಿ ಕೆಳಗೆ ಹೋಯಿತು. ಹೋಯಿತಲ್ಲ, ಅಷ್ಟು ಸಾಕು. ಬೀಗ ಹಾಕಿ ಮೆಟ್ಟಿಲಿಳಿಯುವಾಗ ಶಿಳ್ಳೆ ಹೊಡೆಯುತ್ತಿದ್ದ.

ವಾರವಿಡೀ ಬೆಟ್ಟದ ಟ್ಯಾಂಕಿನ ಮಟ್ಟ ಪಂಪ್‌ಹೌಸಿನ ಪರದೆಯಲ್ಲಿ ಗಡಿಯಾರದಷ್ಟು ಸರಿಯಾಗಿ ಮೂಡಿತು. ಮಾರ್ಕೆಟ್ಟಿನದೇ ಗುರುವಾರ ಒಂದೆರಡು ಸಲ ತಪ್ಪಿತು, ಯಾವುದೋ ಲಾರಿ ಅಡ್ಡ ನಿಂತು. "ಬೆಟ್ಟದ್ದು ಚೆನ್ನಾಗಿ ಬರ್ತಿದೆ ಕಣ್ರೀ" ಎಂದು ಮೇಡಂ ದಾರಿಯಲ್ಲಿ ಹೇಳಿ ಹೋದರು. ದೊಡ್ಡಳಿಯ ಅಂದು ಮೇಜಿನ ಮೇಲಿನ ಧೂಳನ್ನು ತಾನೇ ಒರೆಸಿದ.

ಭಾನುವಾರ ಮಾವನ ಮನೆಯಲ್ಲಿ ಊಟ. ಬೆಟ್ಟದ ಟ್ಯಾಂಕಿನ ನೀರೇ ಕುಡಿಯುವ ಮೇಲಿನ ಬೀದಿಯಲ್ಲಿ ಆ ಮನೆ. ಎಂದಿನಂತೆ ಕಿಟಕಿ ಪಕ್ಕದ ಕುರ್ಚಿ ಚಿಕ್ಕಳಿಯನಿಗೆ. ಇರಲಿ, ಇನ್ನೊಂದೇ ದಿನ. ಮಾವ ಕೇಳಿದರು: "ಏನಪ್ಪಾ, ಆ ಪೆಟ್ಟಿಗೆ ಕೆಲಸ ಎಲ್ಲಿಗೆ ಬಂತು?"

"ನಂದು ನೂರಾ ಒಂಬತ್ತು ಮಾವ" ಎಂದ ದೊಡ್ಡಳಿಯ, ತಟ್ಟೆಯಿಂದ ತಲೆ ಎತ್ತದೆ, ಏನೂ ದೊಡ್ಡದಲ್ಲ ಎಂಬಂತೆ. "ಸಿಗ್ನಲ್ಲು. ಇವ್ನದೆಷ್ಟೋ ಕೇಳಿ."

ಚಿಕ್ಕಳಿಯನಿಗೆ ನೀರು ನೆತ್ತಿಗೆ ಹತ್ತಿತು. ಅವನ ಹೆಂಡತಿ ಬೆನ್ನು ತಟ್ಟಿದಳು. ಕೆಮ್ಮು ನಿಂತ ಮೇಲೆ ಅವನು ಮೆಲ್ಲಗೆ, "ಎಪ್ಪತ್ತೊಂದು" ಎಂದ.

"ಅಯ್ಯೋ, ಅಷ್ಟೇನಾ?" ಅತ್ತೆ ಮರುಗಿದರು. ಮಾವ ಹುಬ್ಬೇರಿಸಿ ದೊಡ್ಡಳಿಯನ ಕಡೆ ನೋಡಿದರು. ಒಂಬತ್ತು ವರ್ಷದಲ್ಲಿ ಆ ನೋಟ ಅವನ ಕಡೆ ತಿರುಗಿದ್ದು ಅದೇ ಮೊದಲು. ಅವನಿಗೆ ಇನ್ನೊಂದು ತುತ್ತು ಹೆಚ್ಚೇ ಇಳಿಯಿತು.

ಕೈತೊಳೆಯುವಾಗ ಚಿಕ್ಕಳಿಯ ಹತ್ತಿರ ಬಂದ. "ಅಣ್ಣ, ಸ್ವಲ್ಪ ಹೊರಗೆ ಬರ್ತೀರಾ? ಒಂದು ಮಾತಿತ್ತು."

"ಹೊರಗ್ಯಾಕೆ? ಏನಿದ್ರೂ ಇಲ್ಲೇ ಹೇಳು, ಎಲ್ರೂ ಕೇಳ್ಲಿ."

ಚಿಕ್ಕಳಿಯ ಮಾವನ ಮುಖ ನೋಡಿದ, ದೊಡ್ಡಳಿಯನ ಹೆಂಡತಿಯ ಮುಖ ನೋಡಿದ. "ಏನಿಲ್ಲ ಬಿಡಿ" ಎಂದು ಟವೆಲ್ಲಿಗೆ ಕೈ ಒರೆಸಿಕೊಂಡು ಹೋದ. ನೋಡಿದಿರಾ, ಹೇಗೆ ಉರಿಯುತ್ತಿದೆ ಎಂದು ದೊಡ್ಡಳಿಯ ಒಳಗೊಳಗೇ ನಕ್ಕ.

ಅಷ್ಟಕ್ಕೇ ಮನೆಗೆ ಹೋಗಿ ಮಲಗಿದ್ದರೆ ಎಲ್ಲ ನೆಟ್ಟಗಿರುತ್ತಿತ್ತು. ಆದರೆ ಹೊಗಳಿಕೆ ತಲೆಗೇರಿತ್ತಲ್ಲ, ಕೂರಗೊಡಲಿಲ್ಲ. ಆ ನೂರಾ ಒಂಬತ್ತರ ಫೋಟೋ ತೆಗೆದು ಮಾವನಿಗೆ ತೋರಿಸಬೇಕೆಂಬ ಆಸೆ ಹುಟ್ಟಿತು. ಊಟದ ಹೊಟ್ಟೆಯಲ್ಲೇ ಆಫೀಸಿನ ಲ್ಯಾಪ್‌ಟಾಪ್ ಹೊತ್ತು ಏದುಸಿರು ಬಿಡುತ್ತ ಇನ್ನೂರ ಹದಿನಾಲ್ಕು ಮೆಟ್ಟಿಲು ಹತ್ತಿದ. ಲ್ಯಾಪ್‌ಟಾಪ್ ಜೋಡಿಸಿ ನೋಡಿದರೆ, ಎಪ್ಪತ್ತಮೂರು!

ಮೂಲೆಯಲ್ಲಿ ಆಂಟೆನಾ ಇಲ್ಲ. ತಂತಿ ಹಿಡಿದು ಹೊರಗೆ ಹೋದರೆ, ಅದು ಗಾಳಿಕೊಳವೆಯ ಮೇಲೆ ಅಂಟಿಕೊಂಡಿದೆ. ಗಾಳಿಗೆ ಅಲುಗದಂತೆ ಯಾರೋ ಅಚ್ಚುಕಟ್ಟಾಗಿ ಪ್ಲಾಸ್ಟಿಕ್ ಪಟ್ಟಿ ಬಿಗಿದಿದ್ದಾರೆ. ಯಾರೋ ಏನು, ಈ ಕೋಣೆಗಿರುವುದು ಎರಡೇ ಕೀಲಿಕೈ. ಒಂದು ಇವನ ಜೇಬಿನಲ್ಲಿ. ಇನ್ನೊಂದು? ಚಿಕ್ಕಳಿಯನ ಹತ್ತಿರ.

"ಅಬ್ಬಾ, ಹಾವೇ!" ಎಂದ ದೊಡ್ಡಳಿಯ, ಖಾಲಿ ಬೆಟ್ಟಕ್ಕೆ ಕೇಳುವಂತೆ. ನನ್ನ ನೂರಾ ಒಂಬತ್ತನ್ನು ಎಪ್ಪತ್ತಮೂರಕ್ಕೆ ಇಳಿಸಿ, ಅಲ್ಲಿ ಏನೂ ಅರಿಯದವನಂತೆ ನೀರು ನೆತ್ತಿಗೆ ಹತ್ತಿಸಿಕೊಂಡನಲ್ಲ! ಪಟ್ಟಿ ಕತ್ತರಿಸಿ, ಆಂಟೆನಾ ಕಿತ್ತು, ಮತ್ತೆ ಮೂಲೆಗೆ ತಂದು ಕೂರಿಸಿದ. ನೂರಾ ಒಂಬತ್ತು. ಫೋಟೋ ತೆಗೆದ. ಮೋಡೆಮ್ಮಿನ ಹಸಿರು ದೀಪ ಕೆಂಪಗಾಗಿ ಟಪಟಪನೆ ಹೊಡೆದುಕೊಳ್ಳತೊಡಗಿತು. ಹುರುಪು ಬಂದಿದೆ ಎಂದುಕೊಂಡು ಬಾಗಿಲು ಹಾಕಿದ.

ಸೋಮವಾರ ಬೆಳಿಗ್ಗೆ ಹಲ್ಲುಜ್ಜುವಾಗಲೇ ಅತ್ತೆಯ ಫೋನು. "ಅಳಿಯಂದ್ರೇ, ನಲ್ಲೀಲಿ ಒಂದು ಹನಿ ನೀರಿಲ್ಲ. ಮಾವ ಮೈಗೆಲ್ಲ ಸೋಪು ಹಚ್ಕೊಂಡು ನಿಂತಿದ್ದಾರೆ. ಬೀದಿಯೋರೆಲ್ಲ ನಮ್ಮನೆ ಬಾಗಿಲಿಗೇ ಬಂದು ಕೇಳ್ತಿದ್ದಾರೆ, ನಿಮ್ಮಳಿಯಂದ್ರು ಏನ್ಮಾಡ್ತಿದ್ದಾರೆ ಅಂತ."

ಅವನು ಓಡೋಡಿ ಪಂಪ್‌ಹೌಸಿಗೆ ಬಂದಾಗ ಮೇಡಂ ಪರದೆಯ ಮುಂದೆ ನಿಂತಿದ್ದರು. ಚಿಕ್ಕಳಿಯ ಪಂಪನ್ನು ಕೈಯಿಂದಲೇ ಚಾಲೂ ಮಾಡುತ್ತಿದ್ದ. ಭಾನುವಾರ ಮಧ್ಯಾಹ್ನ ಮೂರರಿಂದ ಬೆಟ್ಟದ ಟ್ಯಾಂಕಿನ ಸುದ್ದಿಯೇ ಇಲ್ಲ. ಒಂದು ಗಂಟೆ ಕಾದು ಪಂಪ್ ತಾನಾಗೇ ನಿಂತಿತ್ತು. ಪಾಳಿಯವನು ಟ್ಯಾಂಕ್ ತುಂಬಿದೆಯೆಂದು ತಿಳಿದು ಸುಮ್ಮನಿದ್ದ. ಬೆಳಗಾಗುವಷ್ಟರಲ್ಲಿ ಟ್ಯಾಂಕ್ ತಳ ಕಂಡಿತ್ತು.

ದೊಡ್ಡಳಿಯನಿಗೆ ಒಂದೇ ಕ್ಷಣದಲ್ಲಿ ಎಲ್ಲ ಹೊಳೆಯಿತು. ಅಥವಾ ಹಾಗೆಂದುಕೊಂಡ. "ಇವ್ನೇ ಮೇಡಂ!" ಎಂದು ಬೆರಳು ತೋರಿಸಿ ಕೂಗಿದ. "ನಾನಿಲ್ದಾಗ ಬೆಟ್ಟ ಹತ್ತಿ ನನ್ನ ಆಂಟೆನಾ ಕಿತ್ತು ಎಲ್ಲೋ ಇಟ್ಟಿದ್ದಾನೆ. ಮೇಜು ನಂಗೆ ಸಿಗುತ್ತಲ್ಲ ಅಂತ ಹೊಟ್ಟೆಕಿಚ್ಚು! ನಿನ್ನೆ ನಾನೇ ನೋಡಿ ಸರಿ ಮಾಡಿ ಬಂದೆ. ಬೇಕಾದ್ರೆ ಫೋಟೋ ನೋಡಿ. ನಂದು ನೂರಾ ಒಂಬತ್ತು. ಇವ್ನು ಮಾಡಿಟ್ಟಿದ್ದು ಬರೀ ಎಪ್ಪತ್ಮೂರು!"

ಮೇಡಂ ಫೋಟೋ ನೋಡಿದರು. ಬಹಳ ಹೊತ್ತು ನೋಡಿದರು.

"ಈ ಅಂಕಿ ಹಿಂದೆ ಒಂದು ಗೆರೆ ಇದೆಯಲ್ಲ, ಅದು ಮೈನಸ್ಸು ಕಣ್ರೀ" ಎಂದರು ನಿಧಾನವಾಗಿ. "ಮೊಬೈಲ್ ಟವರಿಂದ ಮೋಡೆಮ್ಮಿಗೆ ಬರೋಷ್ಟರಲ್ಲಿ ಸಿಗ್ನಲ್ ಎಷ್ಟು ಸೊರಗಿದೆ ಅನ್ನೋ ಲೆಕ್ಕ ಅದು. ಅಂಕಿ ದೊಡ್ಡದಾದಷ್ಟೂ ಸಿಗ್ನಲ್ ಸತ್ತ ಹಾಗೆ. ನೂರಾ ಒಂಬತ್ತು ಅಂದ್ರೆ ಹೆಚ್ಚುಕಮ್ಮಿ ಉಸಿರೇ ಇಲ್ಲ." ಚಿಕ್ಕಳಿಯನ ಕಡೆ ತಿರುಗಿದರು. "ಆಂಟೆನಾ ಹೊರಗಿಟ್ಟಿದ್ದು ನೀವಾ?"

"ಹೌದು ಮೇಡಂ. ಮಂಗಳವಾರ ಸಂಜೆ ಸುದ್ದಿ ಕುಂಟ್ಕೊಂಡು ಬರ್ತಿತ್ತು, ನಿಲ್ಲೋಕೆ ಮುಂಚೇನೇ ಹೋಗಿ ಇಟ್ಟು ಬಂದೆ. ಅಣ್ಣಂಗೆ ಬೇಜಾರಾಗುತ್ತೆ ಅಂತ ಹೇಳ್ಲಿಲ್ಲ. ನಿನ್ನೆ ಹೇಳೋಣ ಅಂದ್ಕೊಂಡೆ, ಆಗ್ಲಿಲ್ಲ. ತಪ್ಪು ನಂದೂ ಇದೆ."

ತಪ್ಪು ನಂದೂ ಇದೆಯಂತೆ! ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಎಲ್ಲರೆದುರು ನಕ್ಕಿದ್ದರೂ ಆಗುತ್ತಿತ್ತು. ಈ ಒಳ್ಳೆಯತನವೊಂದು ದೊಡ್ಡಳಿಯನ ಎದೆಯಲ್ಲಿ ಮುಳ್ಳು ಮುರಿದಂತೆ ಕೂತಿತು. ಅದರಲ್ಲೂ ಅವನೇ ಮುಂದೆ!

ಮೇಡಂ ಕೈಚೀಲದಿಂದ ಒಂದು ಕಾಗದ ತೆಗೆದು ಮೇಜಿನ ಮೇಲಿಟ್ಟರು. ಉಸ್ತುವಾರಿಯ ಆದೇಶ. ಅದರಲ್ಲಿದ್ದದ್ದು ದೊಡ್ಡಳಿಯನ ಹೆಸರು.

"ಶನಿವಾರಾನೇ ಬರೆದಿಟ್ಟಿದ್ದೆ. ಸರ್ವಿಸ್ಸೂ ನಿಮ್ದೇ ಹೆಚ್ಚು, ಬೆಟ್ಟದ್ದೂ ಒಂದು ಸಲಾನೂ ತಪ್ಪಿರ್ಲಿಲ್ಲ. ಗೊತ್ತಿಲ್ದೇ ಇರೋದು ದೊಡ್ಡ ತಪ್ಪಲ್ಲ. ಆದ್ರೆ ಕೇಳ್ದೇನೆ ಕಿತ್ತಿಟ್ಟು, ಕಾಪಾಡಿದೋರ ಮೇಲೇ ಕೂಗಾಡಿದ್ರಲ್ಲ, ಅಂಥೋರ ಕೈಗೆ ಇಡೀ ಪಂಪ್‌ಹೌಸ್ ಹೇಗೆ ಕೊಡ್ಲಿ ಹೇಳಿ?" ಕಾಗದವನ್ನು ನಾಲ್ಕು ಮಡಿಕೆ ಮಾಡಿ ಚೀಲಕ್ಕೆ ಹಾಕಿಕೊಂಡರು. "ಮೊದ್ಲು ಹೋಗಿ ಅದನ್ನ ಸರಿಮಾಡಿ ಬನ್ನಿ. ಇಬ್ರೂ. ಮುಂದಿನ ತಿಂಗಳಿಂದ ಮೇಜಿಗೆ ಅವ್ರು."

ಇಬ್ಬರೂ ಮೆಟ್ಟಿಲು ಹತ್ತಿದರು. ದೊಡ್ಡಳಿಯ ಮುಂದೆ, ಚಿಕ್ಕಳಿಯ ಎರಡು ಮೆಟ್ಟಿಲು ಹಿಂದೆ. ಕೋಣೆ ತಲುಪಿದ ಮೇಲೆ ದೊಡ್ಡಳಿಯ ಮೂಲೆಯ ಆಂಟೆನಾ ಎತ್ತಿ, ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದು ನಿಂತ. ಹೆಂಡತಿಯ ತಂಗಿಯ ಗಂಡನನ್ನು ಅವನು ಈವರೆಗೆ ಒಂದೇ ಒಂದು ಮಾತೂ ಕೇಳಿದವನಲ್ಲ, ಗಂಟೆ ಎಷ್ಟಾಯಿತೆಂದು ಸಹ.

"ಎಲ್ಲಿಡ್ಬೇಕಪ್ಪಾ ಇದನ್ನ?" ಎಂದ.

"ಕೊಡಿ ಅಣ್ಣ. ನಾನು ಮೇಲೆ ಹತ್ತಿ ಹಿಡ್ಕೋತೀನಿ, ನೀವು ಒಳಗೆ ನೋಡಿ ಅಂಕಿ ಹೇಳಿ."

ದೊಡ್ಡಳಿಯ ಲ್ಯಾಪ್‌ಟಾಪಿನ ಮುಂದೆ ಕುಕ್ಕರಗಾಲಲ್ಲಿ ಕೂತ. "ತೊಂಬತ್ತು" ಎಂದು ಕೂಗಿದ. "ಎಂಬತ್ತೆರಡು. ಎಪ್ಪತ್ತೇಳು. ಇನ್ನೂ ಮೇಲೆ ಹಿಡಿ. ಎಪ್ಪತ್ಮೂರು."

"ಸಾಕಾ ಅಣ್ಣ? ಮೊದ್ಲು ಇಲ್ಲೇ ಇಟ್ಟಿದ್ದೆ."

ದೊಡ್ಡಳಿಯ ಅಂಕಿಯನ್ನೇ ದಿಟ್ಟಿಸಿದ. "ಸಾಲ್ದು. ಇನ್ನೊಂದ್ಚೂರು ಎಡಕ್ಕೆ."

ಸೂರಿನ ಮೇಲೆ ಹೆಜ್ಜೆ ಸರಿದ ಸದ್ದು. ಎಪ್ಪತ್ತೆರಡು. ಎಪ್ಪತ್ತೊಂದು. ಕೆಂಪು ದೀಪ ಆರಿ ಹಸಿರು ಹತ್ತಿತು. ಅಂಕಿ ಒಂದು ಗಳಿಗೆ ತಡವರಿಸಿ ಎಪ್ಪತ್ತಕ್ಕೆ ನಿಂತಿತು.

"ಎಷ್ಟಣ್ಣ?" ಮೇಲಿನಿಂದ ದನಿ ಬಂತು.

ಹೋದ ಮೇಜು, ಮೈಗೆ ಸೋಪು ಹಚ್ಚಿಕೊಂಡು ನಿಂತ ಮಾವ, ಎಲ್ಲ ದೊಡ್ಡಳಿಯನ ತಲೆಯಲ್ಲೇ ಇತ್ತು, ಎಲ್ಲಿಗೂ ಹೋಗಿರಲಿಲ್ಲ. ಆದರೂ ಮುಖದ ಗಂಟು ತಾನಾಗೇ ಸಡಿಲವಾಯಿತು.

"ಮಾರ್ಕೆಟ್ಟಿಂದು ಎಪ್ಪತ್ತೊಂದು ಅಲ್ವಾ?" ಎಂದು ಕೇಳಿದ.

"ಹೌದು. ಯಾಕೆ?"

"ಹಂಗಾದ್ರೆ ಅಲ್ಲೇ ಬಿಗಿ, ಅಲುಗಾಡಿಸ್ಬೇಡ" ಎಂದ ದೊಡ್ಡಳಿಯ. "ನಂದು ನಿಂದಕ್ಕಿಂತ ಒಂದು ಕಮ್ಮಿ."