ಹೂಕುಂಡದ ಮಣ್ಣು

ಪರದೆ ಸರಿಸಿ ಅವಳು ಹೊರಗೆ ಬಂದಾಗ ಗಂಡ ಏನನ್ನೋ ಗಬಕ್ಕನೆ ಮುಷ್ಟಿಯೊಳಗೆ ಮುಚ್ಚಿಕೊಂಡ. ವಿಮಾನ ನಿಲ್ದಾಣದಲ್ಲಿ ಹೆಂಗಸರನ್ನು ತಪಾಸಣೆ ಮಾಡುವ ಆ ಗೂಡಿನೊಳಗೆ ಒಬ್ಬ ಹುಡುಗಿ ಆಗಷ್ಟೇ ಅವಳ ಮೈ ತಡವಿ, ಕರವಸ್ತ್ರವನ್ನೂ ಬಿಡಿಸಿ ನೋಡಿ ಕಳಿಸಿದ್ದಳು. ನನ್ನ ಮೇಲೇ ಅನುಮಾನವೇ ಎಂಬ ಸಿಟ್ಟು ಇನ್ನೂ ಮೂಗಿನ ತುದಿಯಲ್ಲಿತ್ತು. ಗಂಡನ ಮುಷ್ಟಿ ಕಂಡದ್ದೇ ತಡ, ಆ ಸಿಟ್ಟು ಎತ್ತಲೋ ಹೋಗಿ ಅವಳದೇ ಅನುಮಾನ ತಲೆಯೆತ್ತಿತು.

"ಚಾಕು ಒಳಗೆ ಬಿಡಲ್ಲ ಸಾರ್," ಎನ್ನುತ್ತಿದ್ದ ಬೆಲ್ಟಿನ ಆಚೆಯ ಅಧಿಕಾರಿ. "ಈ ಡಬ್ಬಿಗೆ ಹಾಕಿ ಮುಂದೆ ಹೋಗಿ."

ಪಕ್ಕದಲ್ಲಿದ್ದ ಗಾಜಿನ ಡಬ್ಬಿಯಲ್ಲಿ ಕತ್ತರಿಗಳು, ಸ್ಕ್ರೂಡ್ರೈವರುಗಳು, ಯಾರದೋ ಪುಟ್ಟ ಸುತ್ತಿಗೆ ಕೂಡ ಬಿದ್ದಿದ್ದವು.

"ಡಬ್ಬಿಗೆ ಹಾಕಿದ್ರೆ ಬರುವಾಗ ವಾಪಸ್ ಸಿಗುತ್ತಾ?"

"ಡಬ್ಬಿಗೆ ಬಿದ್ದಿದ್ದು ಬಿತ್ತು."

"ಹಾಗಾದ್ರೆ ಹೊರಗೆ ಕೊಟ್ಟು ಬರ್ತೀನಿ. ಇನ್ನೂ ಬೇಕಾದಷ್ಟು ಟೈಮಿದೆ."

"ಯಾರಿಗ್ರೀ ಕೊಡ್ತೀರಾ? ಹೊರಗೆ ನಮ್ಮೋರು ಯಾರಿದಾರೆ?" ಎಂದಳು ಅವಳು. ಹೋಗಲಿ ಬಿಡಿ, ಒಂದು ಚಾಕು ತಾನೇ, ಎಂದು ಸೇರಿಸಬೇಕೆನ್ನುವಷ್ಟರಲ್ಲಿ ಗಂಡ ಹೊರಟಾಗಿತ್ತು. ಮುಷ್ಟಿ ಮಾತ್ರ ಬಿಚ್ಚಿರಲಿಲ್ಲ.

ಮಗಳ ಮನೆಗೆಂದು ಹೊರಟವರು. ಬೇರೆ ಊರಿನ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಮಗಳೇ ಟಿಕೆಟ್ ಕಳಿಸಿದ್ದಳು. ವಿಮಾನ ಹತ್ತುವುದು ಇಬ್ಬರಿಗೂ ಮೊದಲ ಸಲ. ಅದರ ಸಡಗರ ಅನುಭವಿಸುವುದು ಬಿಟ್ಟು ಅವಳು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು ಚಾಕುವಿನ ಚಿಂತೆಗೆ ಬಿದ್ದಳು.

ಗಂಡ ಲಿಫ್ಟ್ ಮೆಕ್ಯಾನಿಕ್. ಹತ್ತಾರು ಕಟ್ಟಡಗಳ ಲಿಫ್ಟುಗಳು ಅವನ ಕೈಯಲ್ಲಿದ್ದವು. ಎರಡು ವರ್ಷದಿಂದ ಅವನ ಬೆಲ್ಟಿಗೆ ಒಂದು ಚರ್ಮದ ಚೀಲ ಹತ್ತಿಕೊಂಡಿತ್ತು; ಅದರೊಳಗೆ ಆ ಮಡಚುವ ಚಾಕು. ಮನೆಯ ಸ್ವಿಚ್ಚು ಬಿಚ್ಚಲಿಕ್ಕೆ ಅಡುಗೆಮನೆಯ ಚಾಕು ಹುಡುಕುತ್ತಿದ್ದನೇ ಹೊರತು ಅದನ್ನು ಅವಳ ಕಣ್ಣೆದುರು ಒಮ್ಮೆಯೂ ಹೊರಗೆ ತೆಗೆದವನಲ್ಲ. ಎಲ್ಲಿಂದ ಬಂತು ಎಂದು ಕೇಳಿದರೆ "ಯಾರೋ ಕೊಟ್ರು" ಎಂಬ ಉತ್ತರ. ಆ 'ಯಾರೋ' ಗಂಡಸೋ ಹೆಂಗಸೋ ಎಂದು ಅವಳು ಕೇಳಲಿಲ್ಲ. ಕೇಳಿದ ಮೇಲೆ ಹೆಂಗಸೆಂದುಬಿಟ್ಟರೆ ಏನು ಮಾಡುವುದೆಂಬ ಭಯ ಅವಳಿಗಿತ್ತು. ಅದೇ ಎರಡು ವರ್ಷದಿಂದ ಊರಾಚೆಯ ಒಂದು ಕಟ್ಟಡದ ಲಿಫ್ಟು ಭಾನುವಾರವೇ ನೋಡಿಕೊಂಡು ಕೆಡುತ್ತಿತ್ತು. ಲಿಫ್ಟಿಗೂ ವಾರ ತಿಥಿ ಗೊತ್ತಾಗುತ್ತದೆಯೆಂದು ಅವಳು ಕೇಳಿರಲಿಲ್ಲ.

ಅನುಮಾನ ಅವಳ ಹುಟ್ಟುಗುಣವೋ ಕೆಲಸ ಅಂಟಿಸಿದ್ದೋ ಹೇಳುವುದು ಕಷ್ಟ. ಲಾಂಡ್ರಿಯಲ್ಲಿ ಬಟ್ಟೆ ಇಸಿದುಕೊಳ್ಳುವವಳು. ಬಂದ ಬಟ್ಟೆಯ ಜೇಬು ತಡಕಿ, ಕಲೆ ಯಾವುದರದೆಂದು ನೋಡಿ ಚೀಟಿ ಅಂಟಿಸುವುದು ಅವಳ ಕೆಲಸ. ಯಾರ ಜೇಬಿನಲ್ಲಿ ಸಿನಿಮಾದ ಎರಡೆರಡು ಟಿಕೆಟ್ಟು, ಯಾರ ಕಾಲರಿಗೆ ಮನೆಯಲ್ಲಿಲ್ಲದ ತುಟಿಬಣ್ಣ, ಎಲ್ಲ ಅವಳಿಗೆ ಗೊತ್ತು. ಊರ ಗಂಡಸರ ಬಣ್ಣ ದಿನಾ ನೋಡುವವಳಿಗೆ ತನ್ನ ಗಂಡನೊಬ್ಬನೇ ಹಾಲಿನಂಥವನು ಎಂದು ನಂಬುವುದು ಹೇಗೆ?

ಗಂಡ ಏದುಸಿರು ಬಿಡುತ್ತ ಬಂದ. ಮತ್ತೊಮ್ಮೆ ಸಾಲಿನಲ್ಲಿ ನಿಂತು, ಕೈಯೆತ್ತಿ ತಪಾಸಣೆ ಮಾಡಿಸಿಕೊಂಡು, ಅವಳ ಪಕ್ಕ ಕುಳಿತ.

"ಯಾರಿಗೆ ಕೊಟ್ರಿ?"

"ಟಿಕೆಟ್ ಕೌಂಟರ್‌ನೋರು ಇಟ್ಕೊಂಡ್ರು. ಬರುವಾಗ ಕೊಡ್ತಾರಂತೆ."

ಅವಳು ಅವನ ಕೈ ನೋಡಿದಳು. ಉಗುರಿನ ಸಂದಿಯಲ್ಲಿ, ಅಂಗಿಯ ತೋಳಿನ ಅಂಚಿನಲ್ಲಿ ಮಣ್ಣು. ರಸ್ತೆಯ ಮಣ್ಣಾಗಿದ್ದರೆ ಬಣ್ಣ ಬೂದು, ಒದರಿದರೆ ಹೋಗುತ್ತದೆ. ಇದು ಗೊಬ್ಬರ ಬೆರೆತ ಒದ್ದೆ ಕರಿಮಣ್ಣು, ಗಿಡದ ಬುಡದ್ದು. ಟಿಕೆಟ್ ಕೌಂಟರಿನಲ್ಲಿ ಗಿಡ ಬೆಳೆಯುತ್ತಾರೆಯೇ? ಕರವಸ್ತ್ರ ಕೊಟ್ಟು "ಬೆವರು ಒರೆಸ್ಕೊಳ್ಳಿ" ಎಂದಳು. ವಾಪಸ್ ಇಸಿದುಕೊಂಡು, ಕಲೆಯಾದ ಭಾಗ ಒಳಗೆ ಬರುವಂತೆ ಮಡಚಿ ಚೀಲದಲ್ಲಿಟ್ಟುಕೊಂಡಳು.

ವಿಮಾನ ಮೇಲೇರಿದಾಗ ಅವಳ ಕಿವಿ ಗುಂಯ್‌ಗುಟ್ಟಿತು. ಗಂಡ ಮಗುವಿನ ಹಾಗೆ ಕಿಟಕಿಗೆ ಮುಖ ಅಂಟಿಸಿ "ಮೋಡ ನೋಡೇ" ಎಂದ. ಅವಳಿಗೆ ಮೋಡ ಬೇಕಿರಲಿಲ್ಲ. ಪೆಟ್ಟಿಗೆ ತುಂಬುವ ದಿನ ಮನೆಯನ್ನೆಲ್ಲ ಗುಡಿಸಿ ಒರೆಸಿದ್ದಳು. ಚಾಕುವನ್ನು ಮನೆಯಲ್ಲಿಟ್ಟರೆ ನನ್ನ ಕೈಗೆ ಸಿಕ್ಕೀತು ಎಂದೇ ತಂದಿದ್ದಾನೆ. ಡಬ್ಬಿಗೆ ಹಾಕಲು ಮನಸ್ಸು ಬಾರದೆ ಮಣ್ಣಿನಲ್ಲಿ ಹೂತು ಬಂದಿದ್ದಾನೆ. ಅಷ್ಟು ಪ್ರೀತಿಯಿಂದ ಕೊಟ್ಟವಳು ಯಾರು?

ಮಗಳ ಮನೆಯಲ್ಲಿ ಮೂರು ದಿನ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡಳು. ಹೊರಡುವ ಹಿಂದಿನ ಸಂಜೆ, ಪಾತ್ರೆ ತೊಳೆಯುತ್ತಿದ್ದ ಮಗಳ ಮುಂದೆ ಎಲ್ಲ ಸುರಿದುಬಿಟ್ಟಳು.

ಮಗಳು ನಲ್ಲಿ ನಿಲ್ಲಿಸಿ ತಿರುಗಿದಳು. "ಅಮ್ಮಾ, ಅಪ್ಪನ್ನ ನೇರವಾಗಿ ಕೇಳು. ಇಲ್ಲ ಅಂದ್ರೆ ಸುಮ್ನಿರು. ಜೇಬು ಮಾತ್ರ ತಡಕಬೇಡ. ಹಾಗೆ ಮಾಡೇ ಮಾಮನ್ನ ಕಳ್ಕೊಂಡೆ."

ಮಾಮ ಅಂದರೆ ಅವಳ ತಮ್ಮ. ಆ ಮಾತು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಅವಳ ಅಮ್ಮ ಆಸ್ಪತ್ರೆಯಲ್ಲಿ ತೀರಿಕೊಂಡ ದಿನ ಅವರ ಕಿವಿಯ ಓಲೆಯೊಂದು ಕಾಣೆಯಾಗಿತ್ತು. ಹಿಂದಿನ ರಾತ್ರಿ ಹತ್ತಿರ ಇದ್ದವನು ತಮ್ಮ. ನೆಂಟರೆಲ್ಲ ನಿಂತಿರುವಾಗಲೇ ಅವಳು ಅವನ ಜೇಬಿಗೆ ಕೈಹಾಕಿದ್ದಳು. ಸಿಕ್ಕಿದ್ದು ಗಂಡಸರ ಜೇಬಿನ ಕಸ ಅಷ್ಟೆ. ಅದನ್ನೆಲ್ಲ ಮತ್ತೆ ಅವನ ಜೇಬಿಗೆ ತುರುಕಿದಳು. ತಮ್ಮ ಕೈಗಳನ್ನು ಪಕ್ಕಕ್ಕೆ ಬಿಟ್ಟುಕೊಂಡು ನಿಂತಿದ್ದ. ಆಮೇಲೆ ಹೊರಟು ಹೋದ. ಮನೆ ಬದಲಿಸಿದ, ಫೋನು ಬದಲಿಸಿದ. ಎಷ್ಟೋ ತಿಂಗಳ ಮೇಲೆ ಅಮ್ಮನ ಶಾಲು ಒಗೆಯಲು ತೆಗೆದಾಗ ನೂಲಿಗೆ ಸಿಕ್ಕಿಕೊಂಡಿದ್ದ ಓಲೆ ಅವಳ ಬೆರಳಿಗೆ ಚುಚ್ಚಿತು. ಅದನ್ನು ಗುಂಡಿಗಳ ಡಬ್ಬಿಯ ತಳಕ್ಕೆ ಹಾಕಿದಳು. ಯಾರಿಗೂ ಹೇಳಲಿಲ್ಲ. ಹೇಳಲು ನಾಚಿಕೆಯಾಯಿತು, ದಿನ ಕಳೆದಷ್ಟೂ ಆ ನಾಚಿಕೆ ಗಟ್ಟಿಯಾಯಿತು.

"ನಿಂಗೆ ಅದೆಲ್ಲ ಅರ್ಥ ಆಗಲ್ಲ," ಎಂದು ಮಗಳಿಗೆ ಹೇಳಿ, ತಟ್ಟೆ ಒರೆಸತೊಡಗಿದಳು.

ವಾಪಸ್ ಬಂದಿಳಿದಾಗ ಬೆಳಗಿನ ಹೊತ್ತು. ಪೆಟ್ಟಿಗೆ ಕೈಗೆ ಸಿಕ್ಕಿದ ಕೂಡಲೇ ಗಂಡ ಸುತ್ತಮುತ್ತ ನೋಡಿದ. "ನೀನು ಬಸ್ ನಿಲ್ಲೋ ಕಡೆ ಹೋಗಿ ನಿಂತಿರು. ಟಾಯ್ಲೆಟ್‌ಗೆ ಹೋಗಿ ಬಂದೆ."

"ಹೂಂ," ಎಂದಳು. ಅವನು ಮೂಲೆ ತಿರುಗುವವರೆಗೆ ಕಾದು, ಗಾಲಿಪೆಟ್ಟಿಗೆಯನ್ನು ಸದ್ದಾಗದಂತೆ ಎತ್ತಿಕೊಂಡೇ ಹಿಂದೆ ನಡೆದಳು. ಇವತ್ತು ಕಣ್ಣಾರೆ ನೋಡಿಬಿಡಬೇಕು, ಆಮೇಲೆ ಆದದ್ದಾಗಲಿ.

ಹೊರಡುವವರ ಬಾಗಿಲ ಮುಂದೆ ಉದ್ದಕ್ಕೂ ಸಿಮೆಂಟಿನ ಹೂಕುಂಡಗಳು. ಗಂಡ ಒಂದರ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ಪೆನ್ನಿನಿಂದ ಕೆದಕುತ್ತಿದ್ದ. ಅದರಲ್ಲಿ ಸಿಗಲಿಲ್ಲವೇನೋ, ಪಕ್ಕದ್ದಕ್ಕೆ ಸರಿದ. ಕಂಬದ ಮರೆಯಲ್ಲಿ ನಿಂತ ಅವಳಿಗೆ ಅವನ ಬೋಳಾಗುತ್ತಿರುವ ನೆತ್ತಿ ಕಾಣುತ್ತಿತ್ತು. ಈ ವಯಸ್ಸಿನಲ್ಲಿ ಇದೆಲ್ಲ ಬೇಕೇ ಇವನಿಗೆ ಎಂದು ಒಂದು ಕ್ಷಣ ಅಳು ಬಂತು.

"ಏನ್ ಸ್ವಾಮಿ, ಏನ್ ಬಿತ್ತನೆ ಮಾಡಿದ್ರಿ?"

ನೀರಿನ ಪೈಪು ಹಿಡಿದ ತೋಟದ ಕೆಲಸದಾಕೆ ಅವನ ಹಿಂದೆ ನಿಂತಿದ್ದಳು. ಅಗಲ ಟೋಪಿ, ಮೊಣಕಾಲವರೆಗೆ ಬೂಟು. ಗಂಡ ಹುಳ್ಳಗೆ ನಕ್ಕು ಎದ್ದು ನಿಂತ.

"ಒಂದು ಚಿಕ್ಕ ಚಾಕು ಇಟ್ಟಿದ್ದೆ ಅಮ್ಮಾ. ಸಿಗ್ತಿಲ್ಲ."

"ಹೇಗೆ ಸಿಗುತ್ತೆ? ಮೊನ್ನೆ ಮಣ್ಣು ಬದಲಾಯಿಸಿದೆ. ಒಳಗೆ ಬಿಡಲ್ಲ ಅಂದ ತಕ್ಷಣ ಎಲ್ರೂ ಬಂದು ನನ್ನ ಗಿಡದ ಬುಡಕ್ಕೇ ಹೂಳ್ತೀರಾ. ನಂಗೇನು ಚಾಕು ಬೆಳೆಯೋ ಕೆಲಸ ಕೊಟ್ಟಿದಾರಾ?" ಆಕೆ ಕೈಗಾಡಿಯಿಂದ ಬಿಸ್ಕತ್ತಿನ ತಗಡಿನ ಡಬ್ಬಿಯೊಂದನ್ನು ತೆಗೆದಳು. ಮುಚ್ಚಳ ತನ್ನ ಕಡೆ ತಿರುಗಿಸಿಕೊಂಡು ಸ್ವಲ್ಪವೇ ಎತ್ತಿದಳು. "ಗುರುತು ಹೇಳಿ."

"ಕೆಂಪು ಹಿಡಿ."

"ಇದರಲ್ಲಿ ಅರ್ಧಕ್ಕರ್ಧ ಕೆಂಪೇ. ಹೋದ ತಿಂಗಳು ಒಬ್ಬ ತನ್ನದೇ ಅಂತ ತಗೊಂಡು ಹೋದ. ಮಾರನೇ ದಿನ ನಿಜವಾದೋನು ಬಂದು ನನ್ನ ಮೇಲೆ ಹಾರಾಡಿದ. ಸರಿಯಾದ ಗುರುತು ಬೇಕು."

ಗಂಡ ಹಿಂದೆ ಮುಂದೆ ನೋಡಿ ದನಿ ತಗ್ಗಿಸಿದ. "ಹಿಡಿ ಒಂದು ಕಡೆ ಕರಗಿದೆ. ಬಿಸಿ ಬಾಣಲೆಗೆ ತಾಗಿ ಗುಳಿ ಬಿದ್ದಿದೆ. ಹೆಬ್ಬೆರಳು ಸರಿಯಾಗಿ ಕೂರೋ ಅಷ್ಟು."

ಕಂಬದ ಮರೆಯಲ್ಲಿ ಅವಳ ಕಿವಿ ನೆಟ್ಟಗಾಯಿತು.

"ಅದು ಸರಿ," ಎಂದಳು ತೋಟದಾಕೆ. ಆದರೂ ನಂಬಿಕೆ ಬಂದಿರಲಿಲ್ಲ. "ಒಂದು ಅಲಗು ಮುರಿದಿದೆ. ಯಾವುದು?"

"ಮುರಿದಿದೆಯಾ? ಚಾಕು, ಸ್ಕ್ರೂಡ್ರೈವರ್ ಎರಡೂ ಚೆನ್ನಾಗಿವೆ. ಇನ್ನೊಂದು ಬಿಗಿದುಕೊಂಡಿದೆ, ತೆರೆಯೋಕೆ ಬರಲ್ಲ."

"ನಿಮ್ಮ ಚಾಕು ನಿಮಗೇ ತೆರೆಯೋಕೆ ಬರಲ್ವಾ?" ಆಕೆ ಡಬ್ಬಿಯನ್ನು ಟಪ್ಪೆಂದು ಮುಚ್ಚಿದಳು. "ಹಾಗಾದ್ರೆ ನಿಮ್ದಲ್ಲ ಬಿಡಿ."

"ನಂದಲ್ಲ ಅನ್ನೋದು ನಿಜ. ಆದರೆ ನನ್ನ ಹತ್ರಾನೇ ಇದ್ದಿದ್ದು..."

"ಗರಗಸ."

ಇಬ್ಬರೂ ತಿರುಗಿದರು. ಅವಳು ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು ಮುಂದೆ ಬಂದಿದ್ದಳು.

"ಚಿಕ್ಕ ಗರಗಸ. ತುದಿ ಮುರಿದಿದೆ. ಸುಮ್ನೆ ಎಳೆದ್ರೆ ಬರಲ್ಲ, ಬೆನ್ನಿನ ಕಡೆಯಿಂದ ಒತ್ತಿ ಎತ್ತಬೇಕು. ಟ್ರಂಕಿನ ಬೀಗ ತೆಗೀತೀನಿ ಅಂತ ಹೋಗಿ ಮುರಿದ. ಅಪ್ಪ ಹೊಡೀತಾರೆ ಅಂತ ಅತ್ತ. ನಾನೇ ಮುರಿದೆ ಅಂತ ಹೇಳಿದ್ದೆ. ಬಾಣಲೆ ಮೇಲೆ ಇಟ್ಟು ಕರಗಿಸಿದ್ದು ಮಾತ್ರ ನಾನೇ."

ತೋಟದಾಕೆ ಒಬ್ಬರಾದ ಮೇಲೊಬ್ಬರನ್ನು ನೋಡಿದಳು. "ಯಾರದಮ್ಮಾ ಇದು ಹಾಗಾದ್ರೆ?"

"ನನ್ನ ತಮ್ಮಂದು."

ಚಾಕು ಅವಳ ಅಂಗೈಗೆ ಬಂತು. ಹೆಬ್ಬೆರಳು ತಾನಾಗಿ ಗುಳಿಯಲ್ಲಿ ಕುಳಿತಿತು. ಆ ದಿನ ಅವನ ಜೇಬಿನಿಂದ ತೆಗೆದು, ಕಸವೆಂದು ಮತ್ತೆ ತುರುಕಿದ್ದರಲ್ಲಿ ಇದೂ ಇತ್ತು. ಕೈಗೆ ಬಂದರೂ ಅವಳು ಆಗ ಇದನ್ನು ನೋಡಿರಲಿಲ್ಲ, ಓಲೆಯನ್ನಷ್ಟೇ ಹುಡುಕುತ್ತಿದ್ದಳು.

ಬಸ್ಸಿನಲ್ಲಿ ಇಬ್ಬರೂ ಪಕ್ಕಪಕ್ಕ ಕುಳಿತರು. ಗಂಡನೇ ಮೊದಲು ಬಾಯಿಬಿಟ್ಟ.

"ಊರಾಚೆಯ ಆ ಕಟ್ಟಡದಲ್ಲಿ ವಾಚ್‌ಮನ್ ಆಗಿದಾನೆ ನಿನ್ನ ತಮ್ಮ. ಲಿಫ್ಟ್ ರಿಪೇರಿಗೆ ಹೋದಾಗ ನನ್ನ ಸ್ಕ್ರೂಡ್ರೈವರ್ ಕೆಳಗಿನ ಗುಂಡಿಗೆ ಬಿತ್ತು. ಜೇಬಿಂದ ಇದನ್ನ ತೆಗೆದುಕೊಟ್ಟ. ಮುಖ ನೋಡಿದ್ರೆ ಇವನು. ಆಮೇಲೆ ಚಾಕು ವಾಪಸ್ ಇಸ್ಕೊಳ್ಳಲಿಲ್ಲ. 'ಭಾವ, ಅಕ್ಕ ತಾನಾಗಿ ನನ್ನ ವಿಷಯ ಕೇಳೋವರೆಗೂ ಹೇಳಬೇಡಿ' ಅಂದ. ನೀನು ಕೇಳ್ತೀಯ, ಕೇಳ್ತೀಯ ಅಂತ ಕಾದೆ."

"ಚೆನ್ನಾಗಿದಾನಾ?"

"ಕೂದಲು ಬೆಳ್ಳಗಾಗಿದೆ. ಟೀ ಚೆನ್ನಾಗಿ ಮಾಡ್ತಾನೆ."

ಅವಳು ಕರವಸ್ತ್ರ ತೆಗೆದಳು. ಒಳಗೆ ಮಡಚಿಟ್ಟ ಮಣ್ಣಿನ ಕಲೆ ಒಣಗಿತ್ತು. ಅದರಿಂದಲೇ ಚಾಕುವಿಗೆ ಹತ್ತಿದ್ದ ಮಣ್ಣು ಒರೆಸುತ್ತ, ಕಿಟಕಿಯ ಕಡೆ ನೋಡಿಕೊಂಡೇ ಹೇಳಿದಳು. "ಅಮ್ಮನ ಓಲೆ ಸಿಕ್ಕಿತ್ತು ರೀ. ಆಗಲೇ. ಶಾಲಿನಲ್ಲಿ."

"ಗೊತ್ತು. ಅಂಗಿ ಗುಂಡಿ ಹುಡುಕುವಾಗ ಡಬ್ಬಿ ನೋಡಿದೀನಿ."

ಅವಳು ಒರೆಸುವುದನ್ನು ನಿಲ್ಲಿಸಿದಳು. "ಅವನಿಗೆ ಹೇಳಿದ್ರಾ?"

"ಇಲ್ಲ. ಅದು ನೀನು ಹೇಳಬೇಕಾದ ಮಾತು."

ಬಸ್ಸು ಎರಡು ಕಡೆ ನಿಂತು ಹೊರಟಿತು. ಅವಳು ಚಾಕುವಿನ ಬೆನ್ನು ಒತ್ತಿ ಮೊಂಡು ಗರಗಸ ಎತ್ತಿ ನೋಡಿದಳು, ಮಡಚಿದಳು, ಮತ್ತೆ ಎತ್ತಿದಳು.

"ಈ ಭಾನುವಾರ ಲಿಫ್ಟು ಕೆಡುತ್ತಾ?"

ಗಂಡ ಅವಳ ಮುಖವನ್ನು ಸ್ವಲ್ಪ ಹೊತ್ತು ಅನುಮಾನದಿಂದಲೇ ನೋಡಿದ. "ಕೆಟ್ರೂ ಕೆಡಬಹುದು."

ಅವಳು ಚಾಕುವನ್ನು ಕರವಸ್ತ್ರದಲ್ಲಿ ಸುತ್ತಿ ತನ್ನ ಚೀಲಕ್ಕೆ ಹಾಕಿ, ಜಿಪ್ ಎಳೆದು, ಚೀಲವನ್ನು ತೊಡೆಯ ಮೇಲೆ ಎರಡೂ ಕೈಯಿಂದ ಹಿಡಿದು ಕುಳಿತಳು.